ತಂಗಿಯ ಕಂಪ್ಯೂಟರು, ನನ್ನ ಕಂಪ್ಯೂಟರು

ಜಮಖಂಡಿಯಿಂದ ಮುಧೋಳಕ್ಕೂ ಬನಹಟ್ಟಿಗೂ ಹೆಚ್ಚುಕಡಿಮೆ ಒಂದೇ ದೂರ. ಹಾಗಿದ್ದೂ ರವಿವಾರ ಬಂತೆಂದರೆ ನಮ್ಮ ಅಪ್ಪ ಬನಹಟ್ಟಿಯ ಬಸ್ಸನ್ನೇ ಹತ್ತುತ್ತಿದ್ದ. ಬನಹಟ್ಟಿಯಲ್ಲಿ ನನ್ನ ತಂಗಿ ಇದ್ದಳು. ಮುಧೋಳದಲ್ಲಿ ನಾನಿದ್ದೆ.

ಅಪ್ಪ ಜಮಖಂಡಿಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಮಾಸ್ತರನಾಗಿ ನಿವೃತ್ತನಾಗಿದ್ದ. ನನ್ನ ಅಣ್ಣನ ಮನೆಯಲ್ಲಿ ಇದ್ದ. ಮೊಮ್ಮಕ್ಕಳ ಜೊತೆ ಚೆನ್ನಾಗಿಯೇ ಇದ್ದ. ಆದರೆ ಸುಮ್ಮನೆ ಕೂತು ಗೊತ್ತಿಲ್ಲದ ಮನುಷ್ಯ. ತೊಂಬತ್ತರ ದಶಕದ ಆರಂಭದಲ್ಲಿ ನಾನು ಹಳೆಯ ಕಂಪ್ಯೂಟರೊಂದನ್ನು ಕೊಂಡಾಗ ನೋಡಲು ಬಂದಿದ್ದ. ನಮ್ಮ ಇಡೀ ಬಳಗದಲ್ಲಿ ಮನೆಗೆ ಬಂದ ಮೊದಲ ಕಂಪ್ಯೂಟರು ಅದು. ಮುಂದಿನ ಕೋಣೆಯಲ್ಲಿ ನಾನು ಬಹಳ ವರ್ಷಗಳಿಂದ ಟೈಪಿಂಗ್ ಕ್ಲಾಸು ನಡೆಸುತ್ತಿದ್ದೆ. ಆ ಮಶೀನುಗಳ ನಡುವೆ ಜಾಗ ಮಾಡಿ, ಮೇಲೆ ಕಸೂತಿ ಹಾಕಿದ ಬಟ್ಟೆ ಹೊದಿಸಿ ಅದನ್ನು ಇಟ್ಟಿದ್ದೆ. ಅಪ್ಪ ಬಂದ, ಚಹಾ ಕುಡಿದ, ನಾನು ಪರದೆಯ ಮೇಲೆ ಅವನ ಹೆಸರು ಮೂಡಿಸಿ ತೋರಿಸಿದಾಗ ಕನ್ನಡಕ ಮೇಲೆತ್ತಿ ನೋಡಿದ.

“ಇದೂ ಟೈಪ್ ಮಾಡೂದ ಅಲ್ಲೇನು?” ಅಂದ.

“ಟೈಪ್ ಮಾಡೂದ. ಆದ್ರ ತಪ್ಪಾದ್ರ ಅಳಿಸಬಹುದು, ಅಪ್ಪಾ.”

“ಛಲೋ ಆತು,” ಅಂದು ಸಂಜೆಯ ಬಸ್ಸಿಗೆ ಹೋದ. ಮತ್ತೆ ಅದನ್ನು ನೋಡಲು ಬರಲಿಲ್ಲ.

ನನ್ನ ಕೆಲಸ ಮಾತ್ರ ಬೆಳೆಯಿತು. ಶಾಲೆಗಳ ಪ್ರಶ್ನೆಪತ್ರಿಕೆ, ಅಂಗಡಿಗಳ ಹ್ಯಾಂಡ್‌ಬಿಲ್ಲು, ಮದುವೆಯ ಲಗ್ನಪತ್ರಿಕೆ. ನಾನು ಅಕ್ಷರ ಜೋಡಿಸಿ ಫ್ಲಾಪಿಯಲ್ಲಿ ಕೊಡುತ್ತಿದ್ದೆ, ಬಜಾರದ ಪ್ರೆಸ್ಸಿನವರು ಅಚ್ಚು ಮಾಡುತ್ತಿದ್ದರು. ಬಾಗಿಲ ಮೇಲೆ ನನ್ನ ಹೆಸರಿನ ಬೋರ್ಡಿತ್ತು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ನನ್ನ ಗಂಡನನ್ನು ಜನ ‘ಕಂಪ್ಯೂಟರ್ ಅಕ್ಕಾರ ಯಜಮಾನ್ರು’ ಅನ್ನತೊಡಗಿದ್ದರು. ಅವರಿಗೆ ಅದರಲ್ಲಿ ಬೇಸರವೇನೂ ಇರಲಿಲ್ಲ.

ಕೆಲವು ವರ್ಷಗಳ ಮೇಲೆ ತಂಗಿಯೂ ಕಂಪ್ಯೂಟರು ತಂದಳು. ಅವಳ ಗಂಡನ ಮನೆಯಲ್ಲಿ ಪಾವರ್‌ಲೂಮ್ ಇದ್ದವು. ಹಿಂದಿನ ಪಡಸಾಲೆಯಲ್ಲಿ ಮಗ್ಗಗಳು ಬೆಳಗಿನಿಂದ ಸಂಜೆಯವರೆಗೆ ಖಟಖಟ ಅನ್ನುತ್ತಿದ್ದವು. ಸೀರೆಯ ಅಂಚಿನ ದಡಿಗೂ ಸೆರಗಿಗೂ ಬೇಕಾದ ಚಿತ್ರವನ್ನು ಮೊದಲೆಲ್ಲ ಗ್ರಾಫ್ ಕಾಗದದ ಚೌಕಗಳಲ್ಲಿ ಪೆನ್ಸಿಲ್ಲಿನಿಂದ ತುಂಬುತ್ತಿದ್ದರು; ಒಂದು ಚೌಕಕ್ಕೆ ಒಂದು ಎಳೆ. ತಂಗಿ ಆ ಚೌಕಗಳನ್ನು ಪರದೆಯ ಮೇಲೆ ತುಂಬಲು ಕಲಿತಳು. ಒಂದು ನವಿಲು ಬರೆದರೆ ಸಾಕು, ಗುಂಡಿ ಒತ್ತಿದೊಡನೆ ದಡಿಯ ಉದ್ದಕ್ಕೂ ನವಿಲುಗಳ ಸಾಲು. ಬಣ್ಣ ಬದಲಿಸಿದರೆ ಎಲ್ಲ ನವಿಲುಗಳೂ ಒಟ್ಟಿಗೆ ಬದಲಾಗುತ್ತಿದ್ದವು.

ಇದನ್ನು ಒಮ್ಮೆ ನೋಡಿದ ಅಪ್ಪ ಮತ್ತೆ ಸುಮ್ಮನಿರಲಿಲ್ಲ. ರವಿವಾರ ರವಿವಾರ ಚೀಲ ಹಾಕಿಕೊಂಡು ಹೊರಟ.

ನಾನು ಅವಳ ಕಂಪ್ಯೂಟರನ್ನು ಮೊದಲು ನೋಡಿದ್ದು ಆ ವರ್ಷದ ದೀಪಾವಳಿಗೆ. ಬನಹಟ್ಟಿಗೆ ಹೋದಾಗ ಅಪ್ಪ ಆಗಲೇ ಅಲ್ಲಿದ್ದ. ಮಗ್ಗಗಳ ಪಡಸಾಲೆಯ ಪಕ್ಕದ ಸಣ್ಣ ಕೋಣೆಯಲ್ಲಿ ಕಂಪ್ಯೂಟರಿನ ತಗಡಿನ ಹೊದಿಕೆ ತೆಗೆದಿಟ್ಟು, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ಏನನ್ನೋ ಬ್ರಶ್ಶಿನಿಂದ ಒರೆಸುತ್ತಿದ್ದ. ಹತ್ತಿರ ಹೋಗಿ ನೋಡಿದೆ. ಅವನ ಚಿತ್ರ ಬರೆಯುವ ಬ್ರಶ್ಶು ಅದು. ನಾವು ಸಣ್ಣವರಿದ್ದಾಗ ಮುಟ್ಟಿದರೆ ಬೆನ್ನಿಗೆ ಗುದ್ದು ಬೀಳುತ್ತಿದ್ದ, ಒದ್ದೆ ಕೂದಲನ್ನು ತುಟಿಯ ನಡುವೆ ಎಳೆದು ಚೂಪು ಮಾಡಿ ಡಬ್ಬಿಯಲ್ಲಿಡುತ್ತಿದ್ದ ಬ್ರಶ್ಶು.

“ಏನ್ ಮಾಡಾಕತ್ತೀ ಅಪ್ಪಾ?”

“ಮಗ್ಗದ ಹತ್ತಿ ಹಾರಿ ಬಂದು ಇದರಾಗ ಕುಂದರತೈತಿ ನೋಡು. ಈ ಸಣ್ಣ ಫ್ಯಾನಿಗೆ ಸುತ್ತಿಕೊಂಡ್ರ ಗಾಳಿ ಆಡೂದಿಲ್ಲ. ಅದರ ಬುಡಕ ಪ್ರಾಸೆಸರ್ ಅಂತ ಒಂದು ಚೌಕ ಬಿಲ್ಲಿ ಐತೆಲ್ಲ, ಎಲ್ಲಾ ಲೆಕ್ಕಾ ಮಾಡೂದು, ಅದು ಕಾಯತೈತಂತ. ಕಾದ್ರ ಇಕಿ ಬರದಿದ್ದೆಲ್ಲಾ ಹಾಳಾಗತೈತಿ.”

‘ಇಕಿ’ ಅಂದಾಗ ತಂಗಿ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಹೊದಿಕೆ ಮುಚ್ಚಿ ಚಾಲೂ ಮಾಡಿದಳು. ಆಗಿನ ಕಂಪ್ಯೂಟರುಗಳ ಮುಖದ ಮೇಲೆ ವೇಗ ತೋರಿಸುವ ಹಸಿರು ಅಂಕಿ ಉರಿಯುತ್ತಿತ್ತು. ನನ್ನದರ ಮೇಲೂ ಉರಿಯುತ್ತಿತ್ತು. ಅವಳದು ನನ್ನದರ ಎರಡು ಪಟ್ಟಿಗೂ ಹೆಚ್ಚು.

“ಭಾಳ ಜೋರ ಓಡತೈತಿ ಅಕ್ಕಾ,” ಅಂದಳು. “ಸಾಂಗಲಿಯಾಗ ಅಂಗಡಿಯವ್ರ ಸ್ಪೆಶಲ್ ಮಾಡಿ ಕೊಟ್ಟಾರ.”

ಹಬ್ಬದೂಟಕ್ಕೆ ಹೋಳಿಗೆ ಇತ್ತು. ಅವಳ ಅತ್ತೆ ಒತ್ತಾಯ ಮಾಡಿ ಬಡಿಸಿದರು. ನಾನು ಅರ್ಧ ಹೋಳಿಗೆಯನ್ನು ಎಲೆಯ ಅಂಚಿಗೆ ಸರಿಸಿದೆ. ಊಟ ಆದ ಮೇಲೆ ಅಪ್ಪನೂ ತಂಗಿಯೂ ಮತ್ತೆ ಆ ಕೋಣೆಗೆ ಹೋದರು. ಅಪ್ಪ ಕಾಗದದ ಮೇಲೆ ಗಿಳಿಯ ಕೊಕ್ಕು ಬರೆದು ತೋರಿಸುತ್ತಿದ್ದ, ಅವಳು ಪರದೆಯ ಮೇಲೆ ತಿದ್ದುತ್ತಿದ್ದಳು. ನಾನು ಹೊಸ್ತಿಲ ಬಳಿ ನಿಂತಿದ್ದೆ. ಇಬ್ಬರೂ ಹಿಂದೆ ತಿರುಗಿ ನೋಡಲಿಲ್ಲ. ಮುಧೋಳದ ಬಸ್ಸಿನಲ್ಲಿ ಕೂತಾಗ ಗಂಡ, “ಯಾಕ ಸುಮ್ಮನದೀ?” ಅಂದರು. ತಲೆ ನೋಯುತ್ತಿದೆ ಅಂದೆ. ತಲೆ ನೋಯುತ್ತಿರಲಿಲ್ಲ. ಇಬ್ಬರಲ್ಲಿ ಹಿರಿಯಳು ನಾನು, ಓದಿನಲ್ಲಿ ಮುಂದಿದ್ದವಳು ನಾನು, ಕಂಪ್ಯೂಟರನ್ನು ಮೊದಲು ತಂದವಳು ನಾನು ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಸಂಕ್ರಾಂತಿಗೆ ಮೊದಲೇ ಹಳೆಯದನ್ನು ಕೊಟ್ಟು ಹೊಸ ಕಂಪ್ಯೂಟರು ತಂದೆ. ಗಂಡ, “ಅದು ಛಲೋ ನಡದಿತ್ತಲ್ಲ” ಎಂದು ಒಮ್ಮೆ ಅಂದರು. ತಂದು ಜೋಡಿಸಿದವನು ಬಿಜಾಪುರದ ಒಬ್ಬ ಇಂಜಿನಿಯರು. ಮೆದು ಮಾತಿನ ಹುಡುಗ. ಸುತ್ತಲಿನ ಕಾರ್ಖಾನೆ, ಕಚೇರಿಗಳ ಕಂಪ್ಯೂಟರುಗಳನ್ನೆಲ್ಲ ಅವನೇ ನೋಡಿಕೊಳ್ಳುತ್ತಿದ್ದ. ಚಾಲೂ ಮಾಡಿದಾಗ ನಾನು ಮೊದಲು ನೋಡಿದ್ದು ಹಸಿರು ಅಂಕಿಯನ್ನು. ತಂಗಿಯದಕ್ಕಿಂತ ಕಡಿಮೆ ಇತ್ತು.

“ಇನ್ನೂ ಜೋರ ಮಾಡಾಕ ಬರೂದಿಲ್ಲೇನು ತಮ್ಮಾ?”

“ಬರತೈತ್ರಿ ಅಕ್ಕಾರ. ಒಳಗ ಎರಡು ಪಿನ್ನು ಬದಲಿ ಮಾಡಿದ್ರ ಪ್ರಾಸೆಸರ್ ಅದರ ಶಕ್ತಿಗಿಂತ ಜೋರ ಓಡತೈತಿ. ಆದ್ರ ಬ್ಯಾಡ್ರಿ. ಜೋರ ಓಡಿದಷ್ಟೂ ಕಾಯತೈತಿ. ಸಮೀರವಾಡಿ ಸಕ್ಕರಿ ಕಾರ್ಖಾನಿ ಆಫೀಸಿನಾಗ ಏಸಿ ಇರತಾವ, ಅಲ್ಲಿ ಒಂದು ಮಾತು. ಇದು ಮನಿ. ಚಳಿಗಾಲಕ್ಕ ನಡೀತೈತಿ, ನಮ್ಮ ಕಡೆ ಬ್ಯಾಸಿಗ್ಯಾಗ ತಡಿಯೂದಿಲ್ರಿ.”

“ಬನಹಟ್ಟ್ಯಾಗ ನಮ್ಮ ತಂಗಿದು ಹಂಗ ಓಡತೈತಲ್ಲ. ಅಲ್ಲೇನು ಬಿಸಲಿಲ್ಲೇನು?”

ಅವನು ಮತ್ತೆ ಒಮ್ಮೆ “ಬ್ಯಾಡ್ರಿ” ಅಂದ. ನಾನು ಬಿಡಲಿಲ್ಲ. ಪ್ರಾಸೆಸರಿನ ಮೇಲಿನ ಫ್ಯಾನು ತೆಗೆದು ಸ್ವಲ್ಪ ದೊಡ್ಡದನ್ನು ಕೂರಿಸಿ, ಪಿನ್ನು ಬದಲಿಸಿ ಕೊಟ್ಟ. ಅಂಕಿ ತಂಗಿಯದರ ಸಮಕ್ಕೆ ಬಂತು. ಅವನು ಹೋದ ಮೇಲೆ ನಾನು ಮೂರ್ನಾಲ್ಕು ಸಲ ಬಂದ್ ಮಾಡಿ ಚಾಲೂ ಮಾಡಿ ಅದನ್ನೇ ನೋಡಿದೆ.

ಚಳಿಗಾಲದಲ್ಲಿ ಅದು ನಿಜಕ್ಕೂ ಸೊಗಸಾಗಿ ಓಡಿತು. ಪುಟ ತೆರೆದುಕೊಳ್ಳುವ ಮೊದಲು ಮುಗಿಯುತ್ತಿದ್ದ ಚಹಾ ಈಗ ಕಪ್ಪಿನಲ್ಲಿ ಇನ್ನೂ ಅರ್ಧ ಉಳಿದಿರುತ್ತಿತ್ತು. ಶಿವರಾತ್ರಿ ಕಳೆಯಿತು. ಬಿಸಿಲು ಏರಿತು. ನಮ್ಮ ಮುಂದಿನ ಕೋಣೆ ಪಡುವಣ ಮುಖದ್ದು, ಮೇಲೆ ಆರ್‌ಸಿಸಿ ಸ್ಲ್ಯಾಬು. ಮಧ್ಯಾಹ್ನ ತಿರುಗಿದ ಮೇಲೆ ಗೋಡೆಗೆ ಕೈ ಇಟ್ಟರೆ ಹಂಚಿಗೆ ಇಟ್ಟ ಹಾಗೆ. ಒಂದು ದಿನ ಊಟದ ನಂತರ ಕೂತು ಟೈಪು ಮಾಡುತ್ತಿದ್ದಾಗ ಪರದೆ ಇದ್ದಲ್ಲೇ ನಿಂತಿತು. ಗುಂಡಿ ಒತ್ತಿದರೆ ಏನೂ ಇಲ್ಲ. ಬಂದ್ ಮಾಡಿ ಚಾಲೂ ಮಾಡಿದೆ, ನಡೆಯಿತು. ಮರುದಿನ ಮತ್ತೆ ನಿಂತಿತು. ಆಮೇಲೆ ದಿನಾ ಮಧ್ಯಾಹ್ನ. ಸಂಜೆ ತಂಪಾದ ಮೇಲೆ ಏನೂ ಆಗಿಲ್ಲ ಎಂಬಂತೆ ನಡೆಯುತ್ತಿತ್ತು. ಕೆಲವೊಮ್ಮೆ ಇನ್ನೂ ಕೆಟ್ಟದ್ದು ಆಗುತ್ತಿತ್ತು: ನಿಲ್ಲುತ್ತಿರಲಿಲ್ಲ, ಆದರೆ ಒತ್ತಕ್ಷರಗಳು ಎಲ್ಲಿಯೋ ಹೋಗಿ ಕೂರುತ್ತಿದ್ದವು. ವರನ ತಂದೆಯ ಹೆಸರು ಓದಲು ಬಾರದ ಚಿಹ್ನೆಗಳ ಸಾಲಾಗುತ್ತಿತ್ತು.

ಟೇಬಲ್ ಫ್ಯಾನು ತಂದು ಅದರ ಮುಂದೆ ಇಟ್ಟೆ. ಕರೆಂಟಿನ ಒತ್ತಡ ಕಡಿಮೆಯಾದಾಗ ಫ್ಯಾನು ಸುಸ್ತಾಗಿ ತಿರುಗುತ್ತಿತ್ತು, ಕಂಪ್ಯೂಟರು ಮಾತ್ರ ಸ್ಟೆಬಿಲೈಜರಿನ ಮೇಲೆ ನಡೆಯುತ್ತಿತ್ತು. ಆಗ ನಾನು ಬೀಸಣಿಗೆ ತೆಗೆದುಕೊಂಡು ಅದಕ್ಕೆ ಗಾಳಿ ಹಾಕುತ್ತಿದ್ದೆ. ನಡುಮನೆಯಿಂದ ನೋಡಿದ ನಮ್ಮ ಅತ್ತೆ ಒಮ್ಮೆ ಹೇಳಿದರು:

“ನನಗ ಬೀಸೂದಿರಲಿ, ನಿನಗರ ಬೀಸಿಕೊ ಬೇ. ಆ ತಗಡಿಗೇನು ಸೆಕಿ ಆಗತೈತಿ?”

“ಅದಕ್ಕ ಆಗತೈತ್ರಿ ಅತ್ತಿ.”

“ಹಂಗಾದ್ರ ನಮಗಿಂತ ನಾಜೂಕ ಆತಲ್ಲ ಅದು,” ಅಂದು ಒಳಗೆ ಹೋದರು.

ಎಸ್‌ಟಿಡಿ ಬೂತಿಗೆ ಹೋಗಿ ಬನಹಟ್ಟಿಗೆ ಫೋನು ಮಾಡಿದೆ. ಮನೆಯವರ ಯೋಗಕ್ಷೇಮ ಎಲ್ಲ ಕೇಳಿದ ಮೇಲೆ, ಸುಮ್ಮನೆ ನೆನಪಾದವಳಂತೆ ಕೇಳಿದೆ. “ಈ ಬಿಸಲಾಗ ನಿನ್ನ ಕಂಪ್ಯೂಟರ್ ಎಲ್ಲೆರ ನಿಂತೈತೇನು?”

“ಇಲ್ಲಕ್ಕಾ. ಅದೇನು ತ್ರಾಸ ಕೊಟ್ಟಿಲ್ಲ.”

ಹೌದು ಅನ್ನಬಾರದೇ ಎಂದು ನಾನು ಎಷ್ಟು ಆಸೆಯಿಂದ ಕಾಯುತ್ತಿದ್ದೆ ಎಂಬುದು ಅವಳ ಉತ್ತರ ಕೇಳಿದ ಮೇಲೆಯೇ ನನಗೆ ತಿಳಿದದ್ದು. ಅದೇ ಬಿಸಿಲು, ಅದೇ ಅಂಕಿ, ಮೇಲೆ ಮಗ್ಗದ ಧೂಳು ಬೇರೆ. ಅವಳದು ನಿಲ್ಲುವುದಿಲ್ಲ, ನನ್ನದು ನಿಲ್ಲುತ್ತದೆ. ಯಂತ್ರಕ್ಕೂ ಅವಳೇ ಹೆಚ್ಚು ಬೇಕಾದವಳೇನೋ ಅನ್ನಿಸಿತು. ಹೊತ್ತು ಕಳೆಯಲು ಬಜಾರದಲ್ಲಿ ಬೇಡದ ಸಾಮಾನು ಕೊಂಡು ಮನೆಗೆ ಬಂದೆ.

ಅಕ್ಷಯ ತದಿಗೆಯ ಸುತ್ತ ನಮ್ಮ ಕಡೆ ಮದುವೆಗಳು ಒತ್ತಿಕೊಂಡು ಬರುತ್ತವೆ. ಆ ವರ್ಷ ಲಗ್ನಪತ್ರಿಕೆಗಳು ಮೇಜಿನ ಮೇಲೆ ರಾಶಿ ಬಿದ್ದಿದ್ದವು. ಬೆಳಿಗ್ಗೆ ಕ್ಲಾಸಿನ ಹುಡುಗಿಯರು, ಅವರು ಹೋದ ಮೇಲೆ ಪತ್ರಿಕೆಯ ಕೆಲಸ. ಹಾಗಾಗಿ ಮಧ್ಯಾಹ್ನ ಬಿಟ್ಟರೆ ನನಗೆ ಬೇರೆ ಹೊತ್ತಿರಲಿಲ್ಲ. ಒಂದು ಮಧ್ಯಾಹ್ನ, ಆ ವಾರ ಮಾಡಿದ್ದನ್ನೆಲ್ಲ ಉಳಿಸಿಡುವಾಗ ಅದು ನಿಂತಿತು. ಬಂದ್ ಮಾಡಿ ಕಾದು ಚಾಲೂ ಮಾಡಿದೆ. ಫ್ಯಾನಿನ ಸದ್ದು ಬಂತು, ಹಸಿರು ಅಂಕಿ ಉರಿಯಿತು, ಪರದೆ ಕಪ್ಪಾಗಿಯೇ ಉಳಿಯಿತು. ಸಂಜೆ ತಂಪಾದ ಮೇಲೆಯೂ ಹಾಗೇ. ಪ್ರೆಸ್ಸಿನ ಮಾಲಕರು ಬಂದು ನಿಂತು, “ಏನ್ ಮಾಡೂದ್ರಿ ಈಗ?” ಅಂದರು. ನಾನು ಇಂಜಿನಿಯರಿಗೆ ಫೋನು ಮಾಡಲು ಬೂತಿಗೆ ಹೋದೆ.

ಮರುದಿನ ಇಂಜಿನಿಯರು ಬಂದ. ನಾನು ಬಯ್ಯುತ್ತಾನೆಂದುಕೊಂಡಿದ್ದೆ. ಅವನು ಬಯ್ಯಲಿಲ್ಲ. ಹೊದಿಕೆ ತೆಗೆದು, ಫ್ಯಾನು ಬಿಚ್ಚಿ, ಪ್ರಾಸೆಸರನ್ನು ಎತ್ತಿ ಅಂಗೈಯ ಮೇಲಿಟ್ಟುಕೊಂಡ. ಪಿನ್ನುಗಳನ್ನು ಮೊದಲಿದ್ದಂತೆ ಮಾಡಿ ಮತ್ತೆ ಕೂರಿಸಿದ. ಈ ಸಲ ಪರದೆ ಬೆಳಗಿತು. ನನಗೆ ಜೀವ ಬಂದಂತಾಯಿತು. ಆದರೆ ಸ್ವಲ್ಪ ಹೊತ್ತಿನಲ್ಲೇ ಮತ್ತೆ ನಿಂತಿತು.

“ನಿಧಾನ ಮಾಡಿದ್ಯಲ್ಲ ತಮ್ಮಾ, ಆದರೂ ಯಾಕ?”

“ಇದಕ್ಕ ವಯಸ್ಸಾತ್ರಿ ಅಕ್ಕಾರ,” ಅಂದ. “ಇದರೊಳಗ ಕೂದಲಕಿಂತ ಎಷ್ಟೋ ಸಣ್ಣ ತಂತಿ ಇರತಾವ. ಒಂದಿನ ಕಾದ್ರ ಆ ದಿನ ತಪ್ಪತೈತಿ, ತಣ್ಣಗಾದ್ರ ಸುಧಾರಿಸ್ಕೊಂತೈತಿ. ದಿನಾ ಕಾಯಾಕತ್ತಂದ್ರ ಒಳಗಿನ ತಂತಿ ಸವೀತಾವ. ಸವದದ್ದು ತಿರಗಿ ಬರೂದಿಲ್ರಿ. ಹತ್ತು ವರ್ಷ ಬಾಳಬೇಕಾದದ್ದು ನಾಕು ತಿಂಗಳಿಗೆ ಮುದುಕ ಆತು.”

ನಾನು ಆಗಲೂ ಸುಮ್ಮನಿರಲಿಲ್ಲ. ತಂಗಿಯದರ ಅಂಕಿಯೂ ಇಷ್ಟೇ ಇದೆ, ಅದಕ್ಕೆ ಯಾಕೆ ವಯಸ್ಸಾಗಲಿಲ್ಲ ಎಂದು ಕೇಳಿದೆ.

“ಅದನ್ನ ನೋಡದ ನಾ ಏನೂ ಹೇಳಾಂಗಿಲ್ರಿ,” ಅಂದ. ನನ್ನ ಕಂಪ್ಯೂಟರನ್ನು ಮತ್ತೆ ನೋಡುವ ಗೋಜಿಗೆ ಹೋಗದೆ, ಹೊಸ ಪ್ರಾಸೆಸರು ಹುಬ್ಬಳ್ಳಿಯಿಂದ ತರಿಸಬೇಕು, ಸ್ವಲ್ಪ ದಿನ ಹಿಡಿಯುತ್ತದೆ ಎಂದು ಹೇಳಿ ಹೋದ.

ಅವತ್ತು ಸಂಜೆ ನನ್ನ ಗಂಡ ನನಗೆ ಹೇಳದೆ ಬನಹಟ್ಟಿಗೆ ಫೋನು ಮಾಡಿದರು. ಮರುದಿನ ಸೀರೆಯ ಗಂಟುಗಳನ್ನು ಹೊತ್ತ ಟೆಂಪೊ ನಮ್ಮ ಮನೆಯ ಮುಂದೆ ನಿಂತಿತು. ತಂಗಿ ಇಳಿದಳು. ಗಂಟುಗಳ ನಡುವೆ, ಹಳೆಯ ಕೌದಿಯಲ್ಲಿ ಸುತ್ತಿ, ಅವಳ ಕಂಪ್ಯೂಟರು. ಮುಂದಿನ ಸೀಟಿನಿಂದ ಅಪ್ಪ ಇಳಿದ. ಕೈಯಲ್ಲಿ ಬ್ರಶ್ಶಿನ ಡಬ್ಬಿ.

“ಅಕ್ಕಾ, ಪತ್ರಿಕಿ ಮುಗಿಯೂತನಕ ಇದು ಇಲ್ಲೇ ಇರಲಿ. ದಡಿದೇನು, ಮುಂದಿನ ತಿಂಗಳ ಮಾಡಿದ್ರೂ ನಡೀತೈತಿ,” ಅಂದಳು.

ಅವಳನ್ನು ತಬ್ಬಿಕೊಳ್ಳಬೇಕಿತ್ತು. ನಾನು “ಚಹಾ ಮಾಡ್ತೀನಿ” ಎಂದು ಅಡುಗೆಮನೆಗೆ ಹೋದೆ. ಒಲೆಯ ಮುಂದೆ ನಿಂತಾಗ ಕಣ್ಣು ಉರಿಯುತ್ತಿತ್ತು. ಅವಳ ಯಂತ್ರ ನನ್ನದಕ್ಕಿಂತ ಗಟ್ಟಿ ಎಂಬುದು ಒಂದು. ಅವಳ ಮನಸ್ಸೂ ನನ್ನದಕ್ಕಿಂತ ದೊಡ್ಡದು ಎಂಬುದು ಅದಕ್ಕಿಂತ ಹೆಚ್ಚು ಚುಚ್ಚಿತು. ಅಪ್ಪ ನಮ್ಮ ಮನೆಗೆ ಬಂದದ್ದೂ ಅವಳ ಕಂಪ್ಯೂಟರಿನ ಜೊತೆಗೆ.

ಅದನ್ನು ಎಲ್ಲಿ ಇಡುವುದೆಂದು ತಂಗಿಯೇ ಮನೆಯೆಲ್ಲ ತಿರುಗಿ ನೋಡಿದಳು. ಮುಂದಿನ ಕೋಣೆ ಬೇಡ ಅಂದಳು. ಹಿಂಭಾಗದಲ್ಲಿ ಹಳೆಯ ಮಣ್ಣಿನ ಗೋಡೆಯ, ಕಾಳು ಇಡುವ ಕೋಣೆಯೊಂದಿತ್ತು. ಅಲ್ಲಿ ಗೋಡೆಯಿಂದ ಒಂದು ಮೊಳ ದೂರಕ್ಕೆ ಮೇಜು ಎಳೆದು ಇಟ್ಟಳು. ಕಸೂತಿ ಬಟ್ಟೆ ಹೊದಿಸಲು ಹೋದ ನನ್ನ ಕೈ ಹಿಡಿದಳು.

“ನಡಿಯೂ ಮುಂದ ಹೊಚ್ಚಬ್ಯಾಡ ಅಕ್ಕಾ, ಉಸರು ಕಟ್ಟತೈತಿ ಅದಕ್ಕ.”

ಬೆಳಕು ಹರಿಯುವ ಹೊತ್ತಿಗೆ ನಾವಿಬ್ಬರೂ ಕೂರುತ್ತಿದ್ದೆವು. ಬಿಸಿಲು ಅಂಗಳಕ್ಕೆ ಇಳಿದೊಡನೆ ಅವಳು ಬಂದ್ ಮಾಡುತ್ತಿದ್ದಳು. ಬನಹಟ್ಟಿಯಲ್ಲೂ ಹಾಗೆಯೇ ಮಾಡುತ್ತಿದ್ದಳಂತೆ. ಬೇಸಿಗೆಯ ಮಧ್ಯಾಹ್ನ ಅವಳ ಕಂಪ್ಯೂಟರು ನಡೆದದ್ದೇ ಇಲ್ಲ. ನಾನು ಫೋನಿನಲ್ಲಿ ಕೇಳಿದ್ದು ನಿಂತಿದೆಯೇ ಎಂದು, ಯಾವಾಗ ನಡೆಸುತ್ತೀ ಎಂದಲ್ಲ. ನಾನು ಅಕ್ಷರ ಜೋಡಿಸುತ್ತಿದ್ದೆ, ಅವಳು ಓದಿ ತಪ್ಪು ಹೇಳುತ್ತಿದ್ದಳು. ಬಂದ್ ಆದ ಮೇಲೆ ಅಪ್ಪ ಹೊದಿಕೆ ತೆಗೆದು ಧೂಳು ಒರೆಸುತ್ತಿದ್ದ.

ಹಾಗೆ ಹೊದಿಕೆ ತೆಗೆದಿದ್ದ ಒಂದು ಬೆಳಿಗ್ಗೆ ಇಂಜಿನಿಯರು ಹೊಸ ಪ್ರಾಸೆಸರು ಹಿಡಿದುಕೊಂಡು ಬಂದ. ತಂಗಿಯ ಕಂಪ್ಯೂಟರಿನ ಒಳಗೆ ಬಗ್ಗಿ ನೋಡಿ ನನ್ನತ್ತ ತಿರುಗಿದ.

“ಅಕ್ಕಾರ, ಇದನ್ನ ಯಾರೂ ಜೋರ ಮಾಡಿಲ್ರಿ. ನಿಮ್ಮ ಹೊಸಾ ಪ್ರಾಸೆಸರ್ ಎಷ್ಟು ಓಡಬೇಕೋ ಅಷ್ಟ ಓಡಾಕತ್ತದ.”

“ಮತ್ತ ಆ ಅಂಕಿ?”

“ಅದು ಅಳದು ತೋರಸೂದಿಲ್ರಿ. ಹಿಂದ ಪಿನ್ ಹೆಂಗ ಚುಚ್ಚತೀರಿ, ಅದನ್ನ ತೋರಸತೈತಿ. ನಿಮ್ಮದಕ್ಕ ನಾ ಖರೇ ವೇಗನ ಹೊಂದಿಸಿದ್ದೆ. ಅಂಗಡಿಯವ್ರು ಗಿರಾಕಿ ಖುಷಿ ಆಗಲಿ ಅಂತ ಹೆಚ್ಚ ಮಾಡಿ ಇಟ್ಟಾರ.” ಪುಟ್ಟ ಪಿನ್ನೊಂದನ್ನು ಜರುಗಿಸಿ ಚಾಲೂ ಮಾಡಿ ತೋರಿಸಿದ. ಅಂಕಿ ಬದಲಾಗಿತ್ತು.

ತಂಗಿ ಬಿದ್ದು ಬಿದ್ದು ನಕ್ಕಳು. ಅಪ್ಪನೂ ನಕ್ಕ. ನನಗೆ ನಗು ಬರಲಿಲ್ಲ. ಅವಳಿಗೆ ಆ ಅಂಕಿ ಎಂದೂ ಬೇಕಾಗಿರಲೇ ಇಲ್ಲ. ಅದು ಸುಳ್ಳಾದರೆ ಅವಳಿಗೆ ಹೋಗುವುದೇನೂ ಇರಲಿಲ್ಲ.

ಪತ್ರಿಕೆಗಳು ಮುಗಿಯುವ ಹೊತ್ತಿಗೆ, ಒಂದು ಬೆಳಿಗ್ಗೆ ಚಹಾ ಕುಡಿಯುವಾಗ ತಂಗಿ ನಮ್ಮ ಬಾಗಿಲ ಕಡೆ ನೋಡುತ್ತ ಹೇಳಿದಳು.

“ನಿನ್ನ ಹೆಸರಿನ ಬೋರ್ಡ ನೋಡಿದಾಗೆಲ್ಲಾ ನನಗ ಹೊಟ್ಟಿ ಉರೀತಿತ್ತು, ಅಕ್ಕಾ. ನಾ ಬರದ ದಡಿ ಉಟ್ಟಾವ್ರಿಗೆ ನಾ ಯಾರಂತ ಗೊತ್ತಿಲ್ಲ. ಸೀರಿ ಮ್ಯಾಲ ನಮ್ಮ ಮಾವನವ್ರ ಹೆಸರು.”

ಹಾಗನ್ನಬೇಡ, ನೀನೂ ಬೋರ್ಡು ಹಾಕಿಸು ಎಂದೇನಾದರೂ ಸಮಾಧಾನ ಹೇಳಬಹುದಿತ್ತು. ನಾನು ಹೇಳಲಿಲ್ಲ. ಅವಳ ಹೊಟ್ಟೆಯೂ ಉರಿಯುತ್ತಿತ್ತು ಎಂದು ಕೇಳಿ ನನಗೆ ಆ ಬೇಸಿಗೆಯಲ್ಲಿ ಮೊದಲ ಬಾರಿಗೆ ತಂಪೆನ್ನಿಸಿತು. ಇನ್ನೊಂದು ಕಪ್ಪು ಚಹಾ ಹಾಕಿಕೊಟ್ಟೆ.

ಅವಳು ಸ್ನಾನಕ್ಕೆ ಹೋದಾಗ ಅಪ್ಪನನ್ನು ಕೇಳಿಯೇಬಿಟ್ಟೆ. “ಅಪ್ಪಾ, ನನ್ನ ಕಂಪ್ಯೂಟರ್ ನೋಡಾಕ ಯಾಕ ಬರಲಿಲ್ಲ ನೀ? ಬನಹಟ್ಟಿಗೆ ವಾರಾ ಹೋಗ್ತೀ.”

ಅಪ್ಪ ಬ್ರಶ್ಶಿನ ಕೂದಲನ್ನು ಬೆರಳಿನಿಂದ ನೇರ ಮಾಡುತ್ತಿದ್ದ. ತಲೆ ಎತ್ತಲಿಲ್ಲ.

“ನೀ ಕರೀಲೇ ಇಲ್ಲಲ್ಲ. ನಿನಗ ಸಣ್ಣಾಕಿ ಇದ್ದಾಗಿಂದ ಎಲ್ಲಾ ಬರತಿತ್ತು. ಏನೂ ಕೇಳತಿದ್ದಿಲ್ಲ. ಆಕಿಗೆ ಗಿಳಿ ಕೊಕ್ಕ ಬರಿಯಾಕ ಬರೂದಿಲ್ಲ. ‘ಬಾ ಅಪ್ಪಾ’ ಅಂದ್ಲು, ಹ್ವಾದೆ.”

ಮೇಜಿನ ಮೇಲೆ ಒಂದು ಪತ್ರಿಕೆಯ ಕರಡು ಇತ್ತು, ಹತ್ತಿರದ ಊರು ರನ್ನ ಬೆಳಗಲಿಯ ಒಂದು ಮನೆಯದು. ಎಲ್ಲ ಪತ್ರಿಕೆಗಳ ನೆತ್ತಿಯ ಮೇಲೂ ನಾನು ಅದೇ ಒಂದು ರೆಡಿಮೇಡ್ ಗಣಪತಿ ಹಾಕುತ್ತಿದ್ದೆ. ಕರಡನ್ನು ಅವನ ಮುಂದೆ ಸರಿಸಿದೆ.

“ನನಗೂ ಗಣಪತಿ ಬರಿಯಾಕ ಬರೂದಿಲ್ಲ,” ಅಂದೆ.

ಅಪ್ಪ ಕನ್ನಡಕ ಹಾಕಿಕೊಂಡ. ಮಧ್ಯಾಹ್ನ ಊಟಕ್ಕೆ ಕರೆದರೂ ಏಳಲಿಲ್ಲ.

ತಂಗಿ ಟೆಂಪೊ ತರಿಸಿ ಕಂಪ್ಯೂಟರು ತೆಗೆದುಕೊಂಡು ಹೋದಳು. ಅಪ್ಪ ಇನ್ನೂ ಕೆಲವು ದಿನ ಉಳಿದ. ನನ್ನ ಹೊಸ ಪ್ರಾಸೆಸರು ತನ್ನ ವೇಗದಲ್ಲೇ, ಕಾಳಿನ ಕೋಣೆಯಲ್ಲಿ, ಬೆಳಗಿನ ಹೊತ್ತಿನಲ್ಲಿ ನಡೆಯಿತು. ಬೇಸಿಗೆಯಲ್ಲಿ ಕ್ಲಾಸನ್ನು ಸಂಜೆಗೆ ಹಾಕಿದೆ. ಹುಡುಗಿಯರಿಗೂ ಅದೇ ಅನುಕೂಲವಾಯಿತು. ಆ ಕಂಪ್ಯೂಟರು ಬಹಳ ವರ್ಷ ಬಾಳಿತು.

ಅಪ್ಪನ ಗಣಪತಿ ಅಚ್ಚಾಗಿ ಬಂದ ಮೇಲೆ ಒಂದು ಪತ್ರಿಕೆಯನ್ನು ಬನಹಟ್ಟಿಗೆ ಕಳಿಸಿದೆ. ಸೊಂಡಿಲು ಒಂದೇ ಗೀರಿನಲ್ಲಿ ಇಳಿದು ಬಂದಿತ್ತು. ರವಿವಾರ ತಂಗಿಗೆ ಫೋನು ಮಾಡಿದಾಗ, ಸಿಕ್ಕಿತೇ ಎಂದು ಕೇಳಿದೆ.

“ಸಿಕ್ಕೈತಿ. ಯಾರು ಬರದಾರ ಇದನ್ನ?”

“ಅಪ್ಪ ಬರದಾನ. ಇನ್ನೂ ಎರಡು ಬರಿಯಾಕತ್ತಾನ.”

ಅತ್ತ ಕಡೆ ಮಗ್ಗದ ಸದ್ದು ಮಾತ್ರ ಕೇಳಿಸುತ್ತಿತ್ತು.

“ಈ ವಾರನೂ ಅಲ್ಲೇ ಇರತಾನೇನು?” ಅಂದಳು ಆಮೇಲೆ. ಆ ದನಿ ನನಗೆ ಚೆನ್ನಾಗಿ ಗೊತ್ತಿತ್ತು; ಅವಳ ಕಂಪ್ಯೂಟರು ನಿಂತಿದೆಯೇ ಎಂದು ಇದೇ ಬೂತಿನಿಂದ ನಾನು ಕೇಳಿದ್ದು ಅದೇ ದನಿಯಲ್ಲಿ. ಇರುತ್ತಾನೆ ಅಂದೆ. ಬೂತಿನಿಂದ ಹೊರಬಂದು, ದಾರಿಯಲ್ಲಿ ಅಪ್ಪನಿಗೆಂದು ಮಾವಿನ ಹಣ್ಣು ಕೊಂಡುಕೊಂಡು, ಆ ಸುಡುಬಿಸಿಲಲ್ಲಿ ಯಾವ ಅವಸರವೂ ಇಲ್ಲದೆ ಮನೆಗೆ ನಡೆದೆ.